ಚಹಾ ಕೊಟ್ಟವರು: ಸಮಾರಿಟನ್ಸ್ ಸಂಸ್ಥೆಯ ಮೊದಲ ಮೂರು ತಿಂಗಳು

ಬದುಕು ಸಾಕೆನಿಸಿದವರ ಮಾತಿಗೆ ಕಿವಿಗೊಡುವ ಲಂಡನ್ನಿನ ಸಮಾರಿಟನ್ಸ್ ಸಂಸ್ಥೆಯ ಚರಿತ್ರೆಯನ್ನು ಒಬ್ಬ ಪಾದ್ರಿ, ಒಂದು ಫೋನು ಎಂದು ಹೇಳಿ ಮುಗಿಸುವುದುಂಟು. ಪಾದ್ರಿ ಚಾಡ್ ವಾರಾ. ಫೋನು ವಾಲ್‌ಬ್ರೂಕ್‌ನ ಸೇಂಟ್ ಸ್ಟೀಫನ್ ಚರ್ಚಿನದು, ನಂಬರು ಮ್ಯಾನ್ಷನ್ ಹೌಸ್ 9000. ಮೊದಲ ಕರೆ ಬಂದದ್ದು 1953ರ ನವೆಂಬರ್ 2ರಂದು. ಇದರಲ್ಲಿ ತಪ್ಪಿಲ್ಲ. ಆದರೆ ಸಂಸ್ಥೆಯ ನಿಜವಾದ ಹುಟ್ಟುದಿನ 1954ರ ಫೆಬ್ರವರಿ 2 ಎಂಬುದು ನನ್ನ ವಾದ.

ವಾರಾ ಅವರ ಸಂಕಟಕ್ಕೆ ಹಳೆಯ ಬೇರಿತ್ತು. 1935ರಲ್ಲಿ ಲಿಂಕನ್ ಪಟ್ಟಣದಲ್ಲಿ ಅವರು ನಡೆಸಿಕೊಟ್ಟ ಮೊದಲ ಶವಸಂಸ್ಕಾರ ಒಬ್ಬ ಎಳೆಯ ಹುಡುಗಿಯದು. ಮುಟ್ಟಾದದ್ದನ್ನು ಗುಹ್ಯರೋಗವೆಂದು ತಿಳಿದು ಅವಳು ಜೀವ ಕಳೆದುಕೊಂಡಿದ್ದಳು. ಬಾಯಿಬಿಟ್ಟು ಕೇಳಲು ಅವಳಿಗೆ ಯಾರೂ ಇರಲಿಲ್ಲವೆಂಬುದು ಅವರನ್ನು ಕೊನೆಯವರೆಗೂ ಕಾಡಿತು. 1953ರ ಇಂಗ್ಲೆಂಡಿನಲ್ಲಿ ಆತ್ಮಹತ್ಯೆಯ ಯತ್ನ ಇನ್ನೂ ಅಪರಾಧ. ಆ ಕಾನೂನು ರದ್ದಾದದ್ದು 1961ರಲ್ಲಿ. ಫೋನ್ ಮಾಡಿದವರ ಗುಟ್ಟು ಕಾಯುವುದು ಎಷ್ಟು ದೊಡ್ಡ ಹೊಣೆಯಾಗಿತ್ತೆಂದು ಇದರಿಂದಲೇ ಊಹಿಸಬಹುದು.

ಪತ್ರಿಕೆಗಳಲ್ಲಿ ಸುದ್ದಿ ಬಂದದ್ದೇ ತಡ, ನೊಂದವರು ಚರ್ಚಿಗೆ ಬರತೊಡಗಿದರು. ಅವರ ಹಿಂದೆಯೇ, ಕೈಲಾದದ್ದು ಮಾಡುತ್ತೇವೆಂದು ಸಾಮಾನ್ಯ ಜನರೂ ಬಂದರು. ಅವರು ವೈದ್ಯರಲ್ಲ, ಪಾದ್ರಿಗಳೂ ಅಲ್ಲ. ವಾರಾ ಒಳಗೆ ಒಬ್ಬರೊಡನೆ ಮಾತಾಡುತ್ತಿರುವಾಗ ಹೊರಗೆ ಸರದಿಗೆ ಕಾದವರಿಗೆ ಚಹಾ ಕೊಟ್ಟು, ಪಕ್ಕದಲ್ಲಿ ಕೂರುವುದಷ್ಟೇ ಅವರ ಕೆಲಸ. ಕೆಲವೇ ವಾರಗಳಲ್ಲಿ ವಾರಾ ಒಂದು ಸಂಗತಿ ಗಮನಿಸಿದರು: ಕಾದಿದ್ದವರಲ್ಲಿ ಎಷ್ಟೋ ಮಂದಿ ಅವರನ್ನು ಕಾಣದೆಯೇ, ಮನಸ್ಸು ಹಗುರಾಗಿ ಹೊರಟುಹೋಗುತ್ತಿದ್ದರು. ಫೆಬ್ರವರಿ 2ರಂದು ಅವರು ಆ ಸಹಾಯಕರನ್ನು ಸೇರಿಸಿ, ಇನ್ನು ಫೋನು ನಿಮ್ಮದು ಎಂಬಂತೆ ಕೆಲಸವನ್ನೇ ಒಪ್ಪಿಸಿಬಿಟ್ಟರು. ತಾನು ಒಳಕೋಣೆಯಲ್ಲಿ ಮಾಡುತ್ತಿದ್ದುದಕ್ಕಿಂತ ಹೊರಗಿನ ಬೆಂಚಿನ ಮೇಲೆ ಆಗುತ್ತಿರುವುದೇ ಹೆಚ್ಚಿನದೆಂದು ಸ್ಥಾಪಕನೊಬ್ಬ ಮೂರೇ ತಿಂಗಳಲ್ಲಿ ಕಂಡುಕೊಂಡದ್ದು ನನಗೆ ಬಹಳ ದೊಡ್ಡದಾಗಿ ತೋರುತ್ತದೆ. ಸಂಸ್ಥೆಯ ಹೆಸರು ಕೂಡ ಅವರಿಟ್ಟದ್ದಲ್ಲ, 1953ರ ಡಿಸೆಂಬರಿನ ‘ಡೈಲಿ ಮಿರರ್’ ತಲೆಬರಹದಿಂದ ಬಂದದ್ದು.

ಈ ಕೆಲಸವನ್ನು ವಾರಾ ಆಪ್ತಸಮಾಲೋಚನೆ ಎನ್ನಲಿಲ್ಲ, ಗೆಳೆತನ ಎಂದರು. ಉಪದೇಶವಿಲ್ಲ, ಮತಬೋಧೆಯಂತೂ ಕೂಡದು. ಇಂದಿಗೂ ಶಾಖೆಗಳು ನಡೆಯುವುದು ಸ್ವಯಂಸೇವಕರಿಂದ. ರಾತ್ರಿ ಫೋನಿನ ಮುಂದೆ ಕೂರುವವರಿದ್ದಾರೆ. ಕರೆ ತೆಗೆದುಕೊಳ್ಳದೆ, ಚಂದಾ ಎತ್ತಿ ಬಾಡಿಗೆ, ವಿದ್ಯುತ್ ಬಿಲ್ಲಿಗೆ ಹಣ ಹೊಂದಿಸುವವರೂ ಇದ್ದಾರೆ. 1991ರಲ್ಲಿ ಸ್ವಾನ್‌ಸೀ ಜೈಲಿನಲ್ಲಿ ಕೈದಿಗಳಿಗೇ ತರಬೇತಿ ಕೊಟ್ಟು, ಸಹಕೈದಿಗಳ ಅಳಲು ಕೇಳುವ ಹೊಣೆ ವಹಿಸಲಾಯಿತು. ಬೆಂಚಿನ ಪಾಠ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ನನಗೆ ಕಾಣದು.

ನಮ್ಮ ಪಕ್ಕದ ಚೆನ್ನೈನಲ್ಲಿ 1986ರಲ್ಲಿ ಇಂಥದ್ದೇ ಸಂಸ್ಥೆ ಕಟ್ಟಿದ ಲಕ್ಷ್ಮಿ ವಿಜಯಕುಮಾರ್ ಸ್ವತಃ ಮನೋವೈದ್ಯೆ. ಆದರೂ ಅಲ್ಲಿ ಫೋನ್ ಎತ್ತುವವರು ಸ್ವಯಂಸೇವಕರೇ. ಸಂಸ್ಥೆಯ ಹೆಸರು ಸ್ನೇಹಾ.