ಹಳೆಯ ‘ತಂಗಳುಪೆಟ್ಟಿಗೆ’ಗೆ ಮರುಜೀವ: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ದುಂಡಾದ ಮೂಲೆಗಳು, ಕಾರಿನ ಬಾಗಿಲಿನಷ್ಟು ಭಾರವಾದ ಕದ, ಎಳೆದೊಡನೆ ‘ಟಕ್’ ಎಂದು ಸದ್ದು ಮಾಡುವ ಹೊಳೆಯುವ ಹಿಡಿ. 1950 ಮತ್ತು 60ರ ದಶಕಗಳ ರೆಫ್ರಿಜರೇಟರ್ ಕಂಡವರು ಅದನ್ನು ಸುಲಭವಾಗಿ ಮರೆಯಲಾರರು. ಒಂದು ಕಾಲಕ್ಕೆ ಉಳ್ಳವರ ನಡುಮನೆಯಲ್ಲಿ ಬಂದವರಿಗೆಲ್ಲ ಕಾಣುವಂತೆ ನಿಲ್ಲುತ್ತಿದ್ದ, ಹಿರಿಯರು ‘ತಂಗಳುಪೆಟ್ಟಿಗೆ’ ಎಂದು ಹಾಸ್ಯ ಮಾಡುತ್ತಿದ್ದ ಈ ಯಂತ್ರ ಇಂದು ಗುಜರಿ ಅಂಗಡಿಗಳಲ್ಲಿಯೂ ಹಳೆಯ ಬಂಗಲೆಗಳ ಹಿತ್ತಿಲಿನಲ್ಲಿಯೂ ಧೂಳು ಹಿಡಿದು ಕುಳಿತಿದೆ. ಅದನ್ನು ತಂದು ದುರಸ್ತಿ ಮಾಡಿಸಿ ಅಡುಗೆಮನೆಯಲ್ಲಿ ಮತ್ತೆ ಬಳಸಬೇಕೆಂಬ ಆಸೆ ಸಹಜ. ಆದರೆ ಅಂದಕ್ಕೆ ಮರುಳಾಗಿ ಹಣ ಕೊಡುವ ಮುನ್ನ ಕೆಲವು ವಿಷಯಗಳನ್ನು ಅರಿತಿರುವುದು ಒಳಿತು.

ಹಿನ್ನೆಲೆ

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ 1927ರಲ್ಲಿ ಹೊರತಂದ ‘ಮಾನಿಟರ್ ಟಾಪ್’ ಮನೆಬಳಕೆಯ ರೆಫ್ರಿಜರೇಟರನ್ನು ಜನಪ್ರಿಯಗೊಳಿಸಿತು. ಅದರಲ್ಲಿ ತಂಪುಕಾರಕವಾಗಿದ್ದುದು ಉಸಿರುಗಟ್ಟಿಸುವ ಸಲ್ಫರ್ ಡೈಆಕ್ಸೈಡ್. 1930ರ ನಂತರ ಅಂಥ ವಿಷಾನಿಲಗಳ ಸ್ಥಾನಕ್ಕೆ ಕ್ರಮೇಣ ಫ್ರಿಯಾನ್ ಬಂದಿತು. 1935ರಲ್ಲಿ ವಿನ್ಯಾಸಕಾರ ರೇಮಂಡ್ ಲೋವಿ ಸಿಯರ್ಸ್ ಸಂಸ್ಥೆಗಾಗಿ ರೂಪಿಸಿದ ‘ಕೋಲ್ಡ್‌ಸ್ಪಾಟ್’ ಈ ಪೆಟ್ಟಿಗೆಗೆ ನಯವಾದ ಆಕಾರ ನೀಡಿತು. ಭಾರತದಲ್ಲಿ 1958ರಲ್ಲಿ ಗೋದ್ರೆಜ್ ಸಂಸ್ಥೆ ರೆಫ್ರಿಜರೇಟರ್ ತಯಾರಿಕೆಗೆ ಕೈಹಾಕಿತು. ಹೈದರಾಬಾದಿನ ಆಲ್ವಿನ್ ಮತ್ತು ಕೆಲ್ವಿನೇಟರ್ ಹೆಸರುಗಳೂ ಹಳೆಯ ತಲೆಮಾರಿಗೆ ಪರಿಚಿತ.

ಕೊಳ್ಳುವಾಗ ಪರೀಕ್ಷೆ

ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಹಿಂಭಾಗದಲ್ಲಿ ಅಥವಾ ಕದದ ಒಳಗೆ ಇರುವ ಲೋಹದ ಫಲಕವನ್ನು. ತಂಪುಕಾರಕ ಯಾವುದು, ವೋಲ್ಟೇಜ್ ಎಷ್ಟು, ಆವರ್ತನ ಎಷ್ಟು ಎಂಬುದು ಅದರಲ್ಲಿರುತ್ತದೆ. ಸಲ್ಫರ್ ಡೈಆಕ್ಸೈಡ್ ಅಥವಾ ಮೀಥೈಲ್ ಕ್ಲೋರೈಡ್ ಎಂದಿದ್ದರೆ ಅದನ್ನು ಅಡುಗೆಮನೆಯಲ್ಲಿ ಬಳಸುವ ಯೋಚನೆ ಬಿಡುವುದು ಕ್ಷೇಮ.

ನಂತರ ಯಂತ್ರವನ್ನು ಅಂಗಡಿಯಲ್ಲಿಯೇ ಕೆಲವು ತಾಸು ಓಡಿಸಿ ನೋಡಬೇಕು. ಕಂಪ್ರೆಸರ್ ಸದ್ದು ಮಾಡಿದ ಮಾತ್ರಕ್ಕೆ ತಂಪಾಗುತ್ತದೆ ಎಂದು ನಂಬಲಾಗದು. ಫ್ರೀಜರ್ ಮೈಯೆಲ್ಲ ಸಮನಾಗಿ ಹಿಮ ಕಟ್ಟಬೇಕು. ಒಂದು ಮೂಲೆಯಲ್ಲಿ ಮಾತ್ರ ಕಟ್ಟಿದರೆ ಅನಿಲ ಸೋರಿರುವ ಸಾಧ್ಯತೆಯುಂಟು. ಕದಕ್ಕೂ ಚೌಕಟ್ಟಿಗೂ ನಡುವೆ ಕಾಗದದ ತುಂಡಿಟ್ಟು ಮುಚ್ಚಿ ಎಳೆಯಿರಿ. ಅದು ಸಲೀಸಾಗಿ ಜಾರಿ ಬಂದರೆ ರಬ್ಬರ್ ಗ್ಯಾಸ್ಕೆಟ್ ಬದಲಿಸಬೇಕು. ತಳದ ಮೂಲೆಗಳಲ್ಲಿ ತುಕ್ಕು ಹಿಡಿದು ತೂತಾಗಿದೆಯೇ, ಒಳಗೆ ಮುಗ್ಗಲು ವಾಸನೆ ಇದೆಯೇ ಎಂಬುದನ್ನೂ ಗಮನಿಸಬೇಕು. ಆ ವಾಸನೆ ಹೊರಮೈ ಹಾಗೂ ಒಳಮೈ ನಡುವಿನ ಗಾಜುನಾರು ನೀರು ಕುಡಿದಿರುವುದರ ಸೂಚನೆಯಿರಬಹುದು.

ಮನೆಗೆ ತರುವಾಗ ಪೆಟ್ಟಿಗೆಯನ್ನು ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸುವುದು ಅನಿವಾರ್ಯವಾದರೆ, ನಿಲ್ಲಿಸಿದ ಮೇಲೆ ಒಂದು ದಿನ ಬಿಟ್ಟು ಚಾಲೂ ಮಾಡತಕ್ಕದ್ದು. ಕೊಳವೆಗಳಿಗೆ ಹರಿದ ಎಣ್ಣೆ ಕಂಪ್ರೆಸರಿಗೆ ಮರಳಲು ಇಷ್ಟು ಸಮಯ ಬೇಕು.

ಕದದಲ್ಲಿ ಅಡಗಿದ ಅಪಾಯ

ಹಳೆಯ ಪೆಟ್ಟಿಗೆಗಳ ಆಕರ್ಷಣೆಯಾದ ಆ ಚಿಲಕವೇ ಅವುಗಳ ದೊಡ್ಡ ಅಪಾಯ. ಹೊರಗಿನಿಂದ ಮುಚ್ಚಿಕೊಂಡರೆ ಒಳಗಿನಿಂದ ತೆರೆಯಲಾಗದು, ಒಳಗೆ ಗಾಳಿ ಸುಳಿಯದು, ಕೂಗು ಹೊರಗೆ ಕೇಳದು. ಎಸೆದ ಪೆಟ್ಟಿಗೆಗಳಲ್ಲಿ ಅವಿತುಕೊಳ್ಳಲು ಹೋದ ಮಕ್ಕಳು ಉಸಿರುಗಟ್ಟಿ ಸತ್ತ ಘಟನೆಗಳ ನಂತರ ಅಮೆರಿಕ 1956ರಲ್ಲಿ ಕಾಯ್ದೆ ತಂದು, 1958ರ ಅಕ್ಟೋಬರ್ ಅಂತ್ಯದ ಬಳಿಕ ತಯಾರಾಗುವ ರೆಫ್ರಿಜರೇಟರುಗಳ ಕದ ಒಳಗಿನಿಂದಲೂ ತೆರೆಯುವಂತಿರಬೇಕೆಂದು ವಿಧಿಸಿತು. ಇಂದಿನ ಆಯಸ್ಕಾಂತದ ಗ್ಯಾಸ್ಕೆಟ್ ಆ ಅಗತ್ಯವನ್ನೇ ಪೂರೈಸುತ್ತದೆ.

ಆದ್ದರಿಂದ ಚಿಲಕದ ಕೊಂಡಿಯನ್ನು ಕಳಚಿ, ಹಿಡಿಯನ್ನು ಅಂದಕ್ಕೆ ಮಾತ್ರ ಉಳಿಸಿಕೊಂಡು, ಆಯಸ್ಕಾಂತದ ಪಟ್ಟಿ ಅಳವಡಿಸುವುದು ಮೊದಲ ಕೆಲಸವಾಗಬೇಕು. ದುರಸ್ತಿಗೆ ಕಾಯುತ್ತಾ ವರಾಂಡದಲ್ಲಿ ನಿಂತಿರುವ ಪೆಟ್ಟಿಗೆಯ ಕದವನ್ನು ತಿರುಪು ಬಿಚ್ಚಿ ತೆಗೆದಿಡಿ. ಈ ಒಂದು ಕೆಲಸವನ್ನು ನಾಳೆಗೆ ಮುಂದೂಡಬಾರದು.

ಅನಿಲದ ಪ್ರಶ್ನೆ

ಆ ಕಾಲದ ಬಹುತೇಕ ಯಂತ್ರಗಳಲ್ಲಿರುವುದು ಆರ್-12 ಎಂಬ ಫ್ರಿಯಾನ್. ಓಝೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದಡಿ ಇದನ್ನು ಹಂತಹಂತವಾಗಿ ಕೈಬಿಡಲಾಯಿತು. ಭಾರತವೂ 2010ರ ಹೊತ್ತಿಗೆ ಇದರ ತಯಾರಿಕೆ ನಿಲ್ಲಿಸಿತು. ಹೀಗಾಗಿ ಚೆನ್ನಾಗಿ ತಂಪು ನೀಡುತ್ತಿರುವ ಯಂತ್ರದ ಕೊಳವೆಗಳನ್ನು ಯಾವ ಕಾರಣಕ್ಕೂ ಬಿಚ್ಚಿಸಬೇಡಿ. ‘ಒಮ್ಮೆ ಗ್ಯಾಸ್ ಬದಲಿಸೋಣ’ ಎಂಬ ಸಲಹೆಗೆ ಕಿವಿಗೊಡಬೇಕಿಲ್ಲ.

ಅನಿಲ ಸೋರಿದ್ದರೆ ಆರ್-134ಎಗೆ ಪರಿವರ್ತಿಸಬಹುದು. ಆದರೆ ಹಳೆಯ ಖನಿಜ ಎಣ್ಣೆ ಇದರೊಂದಿಗೆ ಬೆರೆಯದು. ಎಣ್ಣೆಯನ್ನೂ ಫಿಲ್ಟರ್ ಡ್ರೈಯರನ್ನೂ ಬದಲಿಸಿ, ವ್ಯಾಕ್ಯೂಮ್ ಪಂಪಿನಿಂದ ಕೊಳವೆಯ ತೇವ ತೆಗೆದು, ಅನಿಲವನ್ನು ತೂಕ ಮಾಡಿ ತುಂಬಬೇಕು. ಕೆಲವು ಮೆಕ್ಯಾನಿಕ್‌ಗಳು ಹಳೆಯ ಎಣ್ಣೆಗೆ ಹೊಂದುತ್ತದೆ ಎಂದು ಪ್ರೊಪೇನ್–ಐಸೊಬ್ಯುಟೇನ್ ಮಿಶ್ರಣ ತುಂಬುವುದುಂಟು. ಇದು ಅಡುಗೆ ಅನಿಲದಂತೆಯೇ ಹೊತ್ತಿಕೊಳ್ಳುವಂಥದು. ಹಳೆಯ ಪೆಟ್ಟಿಗೆಯ ಒಳಗೇ ಇರುವ ಥರ್ಮೋಸ್ಟಾಟ್ ಮತ್ತು ದೀಪದ ಸ್ವಿಚ್ ಕಿಡಿ ಹಾರಿಸಬಲ್ಲವು ಎಂಬುದನ್ನು ಮರೆಯಬಾರದು. ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿನಲ್ಲಿ ಹಿಡಿದಿಡುವ ಮೆಕ್ಯಾನಿಕ್ಕನ್ನೇ ಕರೆಯುವುದು ವಿವೇಕ.

ವಿದ್ಯುತ್ ಜೋಡಣೆ

ಭಾರತದಲ್ಲಿ ತಯಾರಾದುದು ನಮ್ಮ 230 ವೋಲ್ಟಿಗೆ ಹೊಂದುತ್ತದೆ. ಅಮೆರಿಕದಿಂದ ಬಂದುದು 115 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು ಬದಲಿಸದು. ನಮ್ಮ 50 ಹರ್ಟ್ಸ್‌ನಲ್ಲಿ ಮೋಟಾರು ನಿಧಾನವಾಗಿ ತಿರುಗಿ ಹೆಚ್ಚು ಬಿಸಿಯಾಗುವುದರಿಂದ, ವೋಲ್ಟೇಜನ್ನು 100ರ ಆಸುಪಾಸಿಗೆ ತರಬೇಕಾಗುತ್ತದೆ. ಮೂಲ ಯಂತ್ರವನ್ನೇ ಉಳಿಸಬೇಕೆಂಬ ಹಠವಿಲ್ಲದಿದ್ದರೆ ಇಂದಿನ ಕಂಪ್ರೆಸರ್ ಕೂರಿಸುವುದು ಸುಲಭ. ಬಟ್ಟೆ ಸುತ್ತಿದ ಹಳೆಯ ತಂತಿಗಳನ್ನು ಪೂರ್ತಿ ಬದಲಿಸಿ, ಲೋಹದ ಮೈಗೆ ಕಡ್ಡಾಯವಾಗಿ ಅರ್ಥಿಂಗ್ ಕೊಡಿಸಬೇಕು.

ಬಣ್ಣ ಮತ್ತು ಹೊರಮೈ

ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಒಣಗಿದ ಮೈಯನ್ನು ಉಜ್ಜಬಾರದು. ನೀರು ಹಚ್ಚಿ ಉಜ್ಜಬೇಕು, ಮೂಗು ಬಾಯಿಗೆ ಮಾಸ್ಕ್ ಇರಬೇಕು, ಮಕ್ಕಳು ದೂರವಿರಬೇಕು. ಪೌಡರ್ ಕೋಟಿಂಗ್ ಮಾಡಿಸಲು ಲೋಹವನ್ನು ಕುಲುಮೆಯಲ್ಲಿ ಕಾಯಿಸಬೇಕಾದ್ದರಿಂದ ಪೆಟ್ಟಿಗೆಯನ್ನು ಸಂಪೂರ್ಣ ಬಿಚ್ಚದೆ ಅದು ಅಸಾಧ್ಯ. ಕಾರುಗಳ ಟಿಂಕರಿಂಗ್ ಮತ್ತು ಪೇಂಟಿಂಗ್ ಮಾಡುವವರ ಬಳಿ ಸ್ಪ್ರೇ ಬಣ್ಣ ಮಾಡಿಸುವುದೇ ಅನುಕೂಲಕರ ಮಾರ್ಗ. ಒಳಮೈಯನ್ನು ಅಡುಗೆ ಸೋಡ ಬೆರೆಸಿದ ಬೆಚ್ಚನೆಯ ನೀರಿನಿಂದ ಒರೆಸಿದರೆ ಸಾಕು.

ದಿನನಿತ್ಯದ ಬಳಕೆ

ಕೆಲಸ ಮುಗಿದ ಮೇಲೆ ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು ಅದರಲ್ಲಿ ಥರ್ಮಾಮೀಟರ್ ಮುಳುಗಿಸಿ ಒಂದು ದಿನ ಬಿಡಿ. 5 ಡಿಗ್ರಿ ಸೆಲ್ಸಿಯಸ್ ಮೀರದಿದ್ದರೆ ಹಾಲು, ಮೊಸರು, ತರಕಾರಿ ಇಡಬಹುದು. ಒಂದೇ ಕದದ ಹಳೆಯ ಪೆಟ್ಟಿಗೆಗಳ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿಗೆ ಇಳಿಯದು. ಮೀನು, ಮಾಂಸವನ್ನು ವಾರಗಟ್ಟಲೆ ಇಡಲು ಅದು ತಕ್ಕುದಲ್ಲ. ಹಿಮ ಬೆರಳ ದಪ್ಪ ಕಟ್ಟುವ ಮುನ್ನವೇ ಯಂತ್ರ ನಿಲ್ಲಿಸಿ ಕರಗಿಸಬೇಕು. ಚಾಕುವಿನಿಂದ ಕೆತ್ತಿ ಫ್ರೀಜರ್ ತೂತಾದರೆ ಮಾಡಿದ ಖರ್ಚೆಲ್ಲ ನೀರುಪಾಲು.

ಕೇವಲ ರೂಪ ಬೇಕೆನ್ನುವವರಿಗೆ ಹಳೆಯ ಶೈಲಿಯ ಹೊಸ ರೆಫ್ರಿಜರೇಟರುಗಳೂ ಮಾರುಕಟ್ಟೆಯಲ್ಲಿವೆ. ಇಟಲಿಯ ಸ್ಮೆಗ್ ಸಂಸ್ಥೆ 1990ರ ದಶಕದಿಂದಲೂ ಇಂಥವನ್ನು ತಯಾರಿಸುತ್ತಿದೆ. ಆದರೆ ಅಜ್ಜ ಕೊಂಡುತಂದ ಪೆಟ್ಟಿಗೆ ಮನೆಯ ಮೂಲೆಯಲ್ಲಿ ಇನ್ನೂ ಇದೆಯೆಂದಾದರೆ, ಗುಜರಿಯವನನ್ನು ಕರೆಯುವ ಮುನ್ನ ಒಮ್ಮೆ ಅದರ ಫಲಕ ಓದಿ. ಚಿಲಕ ತೆಗೆಸಿ, ತಂತಿ ಬದಲಿಸಿ ಸ್ವಿಚ್ ಒತ್ತಿದರೆ, ಅದು ಇನ್ನೊಂದು ತಲೆಮಾರಿಗೂ ತಣ್ಣೀರು ಕೊಟ್ಟೀತು.