ಬೇಲಿ ದಾಟಿದ ಚೆಂಡು

ಬಾಡಿಗೆ ಮೈದಾನದಲ್ಲಿ ವರ್ಷಕ್ಕೊಮ್ಮೆ ಕ್ರಿಕೆಟ್ ಪಂದ್ಯ ಏರ್ಪಡಿಸುವುದು ನಮ್ಮಂಥ ಹೊರನಾಡ ಸಂಘಗಳ ವಾಡಿಕೆ. ಚೆಂಡು ದಾರಿಹೋಕರಿಗೆ ಬಡಿದರೆ ಹೊಣೆ ಯಾರದು? ಬ್ಯಾಟು ಬೀಸಿದವನದೋ, ಸಂಘದ್ದೋ? ಈ ಪ್ರಶ್ನೆಗೆ ಸ್ವಾರಸ್ಯವಾದ ಇತಿಹಾಸವೊಂದಿದೆ.

1947ರ ಆಗಸ್ಟ್ 9ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಚೀಥಮ್ ಮೈದಾನದಿಂದ ಸಿಡಿದ ಚೆಂಡು, ಸುಮಾರು 100 ಗಜ ದೂರದ ರಸ್ತೆಯಲ್ಲಿ ನಿಂತಿದ್ದ ಸ್ಟೋನ್ ಎಂಬ ಮಹಿಳೆಗೆ ಬಡಿಯಿತು. ಆಕೆ ದಾವೆ ಹೂಡಿದ್ದು ಹೊಡೆದ ಆಟಗಾರನ ಮೇಲಲ್ಲ. ಕ್ಲಬ್ಬಿನ ಸಮಿತಿ ಹಾಗೂ ಸದಸ್ಯರ ಮೇಲೆ. ಬೇಲಿ 7 ಅಡಿ. ನೆಲದ ಏರಿನಿಂದಾಗಿ ಅದರ ತುದಿ ಪಿಚ್ಚಿಗಿಂತ 17 ಅಡಿ ಮೇಲೆ. ಸುಮಾರು 30 ವರ್ಷಗಳಲ್ಲಿ ಚೆಂಡು ರಸ್ತೆಗೆ ಬಿದ್ದದ್ದು ಆರೇಳು ಸಲ ಮಾತ್ರ. ಮೊದಲು ಗೆದ್ದ ಕ್ಲಬ್ಬು ಮೇಲ್ಮನವಿಯಲ್ಲಿ ಸೋತಿತು. 1951ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದರ ಪರವಾಗಿ ಅಂತಿಮ ತೀರ್ಪಿತ್ತಿತು. ಅಪಾಯ ಊಹಿಸಬಹುದಾದ್ದೇ, ಆದರೆ ಬಹಳ ಅಲ್ಪ ಎಂಬುದು ಕಾರಣ. ಗಣನೀಯ ಅಪಾಯವಿಲ್ಲದೆ ಆಡಲಾಗದ ಜಾಗದಲ್ಲಿ ಕ್ರಿಕೆಟ್ ಆಡಲೇಬಾರದೆಂದು ಲಾರ್ಡ್ ರೀಡ್ ಎಚ್ಚರಿಸಲು ಮರೆಯಲಿಲ್ಲ.

ಅಲ್ಪವಲ್ಲದ ಅಪಾಯ ಯಾವುದೆಂಬುದನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ ಕಂಡಿತು. ಅಲ್ಲಿನ ಐಬ್ರಾಕ್ಸ್ ಫುಟ್‌ಬಾಲ್ ಮೈದಾನದ 13ನೆಯ ಮೆಟ್ಟಿಲುದಾರಿಯಲ್ಲಿ 1961ರಲ್ಲಿ ಇಬ್ಬರು ಸತ್ತಿದ್ದರು. 1967 ಮತ್ತು 1969ರಲ್ಲಿ ಮತ್ತೆ ಹಲವರು ಗಾಯಗೊಂಡಿದ್ದರು. 1971ರ ಜನವರಿ 2ರಂದು ಅದೇ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 66 ಜನ ಪ್ರಾಣ ಕಳೆದುಕೊಂಡರು. ಮುಂದೆ ಪರಿಹಾರದ ದಾವೆಯಲ್ಲಿ ನ್ಯಾಯಾಲಯ ಕ್ಲಬ್ಬನ್ನೇ ಹೊಣೆ ಮಾಡಿತು. 1975ರಲ್ಲಿ ದೊಡ್ಡ ಮೈದಾನಗಳಿಗೆ ಸುರಕ್ಷತಾ ಪ್ರಮಾಣಪತ್ರ ಬೇಕೆನ್ನುವ ಕಾಯಿದೆ ಬಂತು.

ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ನಮಗೆ ತಿಳಿಯುತ್ತದೆ. ಚೀಥಮ್ಮಿನಲ್ಲಿ ಅಪರೂಪಕ್ಕೊಮ್ಮೆ ಚೆಂಡು ಹೊರಗೆ ಬಿದ್ದಿತ್ತು, ಅಷ್ಟೆ. ಐಬ್ರಾಕ್ಸಿನಲ್ಲಾದರೋ ಒಂದೇ ಮೆಟ್ಟಿಲು ಮೂರು ಸಲ ಎಚ್ಚರಿಸಿತ್ತು.

ಇದು ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಆ ಸುದ್ದಿ ಕೇಳಿ ಊರಿಗೆ ಫೋನು ಮಾಡದ ಮನೆ ನಮ್ಮಲ್ಲಿ ಎಷ್ಟಿದ್ದೀತು?

ನಮ್ಮ ಪಂದ್ಯಗಳು ಚಿಕ್ಕವು, ನಿಜ. ಆದರೂ ಕಳೆದ ಸಲ ಯಾರು ಎಡವಿದರು, ಚೆಂಡು ಎಲ್ಲಿ ಬಿತ್ತು, ಯಾವ ಬಾಗಿಲಲ್ಲಿ ಮಕ್ಕಳು ಒತ್ತರಿಸಿಕೊಂಡರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಪಂದ್ಯಕ್ಕೆ ಮುನ್ನ ಸಮಿತಿ ಓದಿಕೊಳ್ಳಲಿ. ಖರ್ಚು ಒಂದು ನೋಟ್‌ಬುಕ್ಕಿನದು.