ದಾಖಲೆ ವಿನಿಮಯ ಜಾಲದಲ್ಲಿ ವಿಳಾಸಶೋಧನೆ: ಚಿಕ್ಕೋಡಿ ಭಾಗದ ಭೂದಾಖಲೆಗಳ ನಿದರ್ಶನ

ದಾಖಲೆಯೊಂದು ಒಂದು ಕಚೇರಿಯಿಂದ ಮತ್ತೊಂದಕ್ಕೆ ತಲುಪಬೇಕಾದರೆ ಅದನ್ನು ಸ್ವೀಕರಿಸಬೇಕಾದ ಕಚೇರಿ ಯಾವುದೆಂಬುದು ಮೊದಲು ನಿಶ್ಚಯವಾಗಬೇಕು. ಕಾಗದದ ಕಾಲದಲ್ಲಿ ಈ ತಿಳಿವಳಿಕೆ ತಲಾಟಿ, ಗುಮಾಸ್ತ ಮತ್ತು ಅಂಚೆಯವರ ಅನುಭವದಲ್ಲಿ ಅಡಗಿತ್ತು. ಗಣಕಜಾಲಕ್ಕೆ ಅಂತಹ ಅನುಭವವಿಲ್ಲ. ಅದು ಬರೆದಿಟ್ಟ ಸೂಚಿಯನ್ನೇ ನಂಬಿ ನಡೆಯುತ್ತದೆ.

ಸೂಚಿಯು ಸ್ಥಿರವಾಗಿರಲಾರದೆಂಬುದಕ್ಕೆ ಬೆಳಗಾವಿ ಜಿಲ್ಲೆಯ ಉತ್ತರ ಭಾಗವೇ ಸಾಕ್ಷಿ. ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ ರಾಯಬಾಗವು 1949ರಲ್ಲಿ ಆ ಸಂಸ್ಥಾನದೊಡನೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಂಬಯಿ ಆಡಳಿತದಲ್ಲಿದ್ದ ಚಿಕ್ಕೋಡಿ, ಅಥಣಿಗಳೊಡನೆ ಅದು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕುಗಳಾಗಿ ಕಾರ್ಯಾರಂಭ ಮಾಡಿದವು. ಇಷ್ಟಾದರೂ ಜಮೀನು ಇದ್ದಲ್ಲಿಯೇ ಇದೆ. ಬದಲಾದದ್ದು ಅದರ ದಾಖಲೆಗೆ ಹೊಣೆಯಾದ ಕಚೇರಿ ಮಾತ್ರ.

ಈ ಬದಲಾವಣೆಯ ಮಹತ್ವ ಅರಿಯಲು ದಾಖಲೆಯ ಪ್ರಯಾಣವನ್ನು ಗಮನಿಸಬೇಕು. ಕರ್ನಾಟಕದ ಭೂಮಿ ಯೋಜನೆಯು 177 ತಾಲ್ಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಅಳವಡಿಸಿತು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವು ಕ್ರಯಪತ್ರದ ವಿವರವನ್ನು ‘ಜೆ ಸ್ಲಿಪ್’ ರೂಪದಲ್ಲಿ ಭೂಮಿಗೆ ಕಳುಹಿಸಿದಾಗ ಹಕ್ಕು ಬದಲಾವಣೆಯ ಪ್ರಕ್ರಿಯೆ ಆರಂಭವಾಗುತ್ತದೆ. ಜಮೀನಿನ ಒಂದು ಭಾಗ ಮಾತ್ರ ಮಾರಾಟವಾದರೆ ಭೂಮಾಪನ ಇಲಾಖೆಯ 11ಇ ನಕ್ಷೆಯೂ ಬೇಕು. ಹೀಗೆ ಮೂರು ಇಲಾಖೆಗಳ ಸೂಚಿಗಳು ಒಂದೇ ಗ್ರಾಮವನ್ನು ಒಂದೇ ತಾಲ್ಲೂಕಿಗೆ ಸೇರಿಸಿರಬೇಕು. ಒಂದು ಸೂಚಿಯಲ್ಲಿ ಕಾಗವಾಡದ ಗ್ರಾಮವು ಅಥಣಿಯ ಲೆಕ್ಕದಲ್ಲಿಯೇ ಉಳಿದರೆ ಪತ್ರ ಹಳೆಯ ಕಚೇರಿಗೆ ಹೋಗುತ್ತದೆ. ಆಗ ಕಬ್ಬು ಬೆಳೆಗಾರನು ಹಣ ತೆತ್ತು ಕೊಂಡ ಹೊಲದ ಉತಾರವು ಮಾರಿದವನ ಹೆಸರಿನಲ್ಲಿಯೇ ಉಳಿದು, ಬೆಳೆಸಾಲಕ್ಕೆ ಅಡ್ಡಿಯಾಗುತ್ತದೆ.

ಗುರುತು ಬೇರೆ, ವಿಳಾಸ ಬೇರೆ ಎಂಬ ತತ್ತ್ವವೇ ಈ ಸಮಸ್ಯೆಗೆ ಪರಿಹಾರ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡೊಮೇನ್ ನೇಮ್ ಸಿಸ್ಟಮ್‌ನಲ್ಲಿ ಹೆಸರು ಸ್ಥಿರ. ಅದು ಸೂಚಿಸುವ ಗಣಕ ಬದಲಾಗಬಹುದು. 2008ರಲ್ಲಿ ಯುರೋಪಿನಲ್ಲಿ ಆರಂಭವಾದ ಪೆಪ್ಪೋಲ್ ಜಾಲವು ಈ ತತ್ತ್ವವನ್ನು ವ್ಯಾಪಾರಪತ್ರಗಳಿಗೆ ವಿಸ್ತರಿಸಿತು. ಅಲ್ಲಿ ಕಳುಹಿಸುವವನಿಗೆ ಸ್ವೀಕರಿಸುವವನ ಗುರುತುಸಂಖ್ಯೆ ತಿಳಿದಿದ್ದರೆ ಸಾಕು. ತಲುಪಿಸಬೇಕಾದ ಸ್ಥಾನವನ್ನು ರವಾನೆಯ ವೇಳೆಯಲ್ಲಿಯೇ ಸೂಚಿಯಿಂದ ಪಡೆಯಲಾಗುತ್ತದೆ. ಸ್ವೀಕರಿಸುವವನು ಸ್ಥಾನ ಬದಲಿಸಿದರೆ ತಿದ್ದಬೇಕಾದದ್ದು ಅವನ ನಮೂದನ್ನು ಮಾತ್ರ.

ಭಾರತದಲ್ಲಿ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಸೂಚಿಯು ಪ್ರತಿ ಗ್ರಾಮ, ತಾಲ್ಲೂಕುಗಳಿಗೆ ವಿಶಿಷ್ಟ ಸಂಕೇತಸಂಖ್ಯೆ ನೀಡಿ ಇಂತಹದೇ ಆಧಾರ ಒದಗಿಸಿದೆ. ಇದರ ಅಗತ್ಯವನ್ನು 2024ರಲ್ಲಿ ರಾಜ್ಯಾದ್ಯಂತ ಜಾರಿಗೆ ಬಂದ ‘ಎಲ್ಲಿಯಾದರೂ ನೋಂದಣಿ’ ವ್ಯವಸ್ಥೆ ಇಮ್ಮಡಿಗೊಳಿಸಿತು. ಜಿಲ್ಲೆಯ ಯಾವುದೇ ಉಪನೋಂದಣಿ ಕಚೇರಿಯಲ್ಲಿ ಪತ್ರ ನೋಂದಾಯಿಸಬಹುದಾದ್ದರಿಂದ, ನೋಂದಣಿಯಾದ ಊರು ಇನ್ನು ದಾಖಲೆಯ ಗಮ್ಯವನ್ನು ಸೂಚಿಸದು. ಜಮೀನಿರುವ ಗ್ರಾಮದಿಂದಲೇ ಅದನ್ನು ಶೋಧಿಸಬೇಕು. ತಾಲ್ಲೂಕು ವಿಭಜನೆಯ ಅಧಿಸೂಚನೆಯಷ್ಟೇ ಸೂಚಿಯ ತಿದ್ದುಪಡಿಯೂ ಆಡಳಿತದ ಹೊಣೆ ಎಂಬುದನ್ನು ಗಡಿಭಾಗದ ಈ ತಾಲ್ಲೂಕುಗಳ ಇತಿಹಾಸ ಸ್ಪಷ್ಟಪಡಿಸುತ್ತದೆ.